ಬಿಡುವಿನಲ್ಲಿ ಹುಟ್ಟಿದ ತಂತ್ರಾಂಶ, ಶಾಲೆಯ ಹಳೆಯ ಕಡತ

ಮೊರಪ್ಪೂರು, ಧರ್ಮಪುರಿ, ಸೇಲಂ ಕಡೆಯ ಊರುಗಳಲ್ಲಿ ತಮಿಳು ಪ್ರಶ್ನೆಪತ್ರಿಕೆಯನ್ನು ಅಚ್ಚು ಹಾಕಿಸುವುದು ಕಷ್ಟವಲ್ಲ. ಹತ್ತು ಹದಿನೈದು ವರ್ಷಗಳ ಹಿಂದೆ ಬೆರಳಚ್ಚಾದ ಕನ್ನಡ ಪ್ರಶ್ನೆಪತ್ರಿಕೆಯನ್ನು ಪೆನ್‌ಡ್ರೈವಿನಲ್ಲಿ ಒಯ್ದ ಶಿಕ್ಷಕರಿಗೆ ಮಾತ್ರ ಬೇರೆಯೇ ದೃಶ್ಯ ಎದುರಾಗಬಹುದು. ಕಡತ ತೆರೆಯುತ್ತದೆ, ಪರದೆಯ ಮೇಲೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಕಾಣುತ್ತದೆ. ಅಂಗಡಿಯವರು ಕಡತವೇ ಕೆಟ್ಟಿದೆ ಎನ್ನುತ್ತಾರೆ. ಕಡತ ಕೆಟ್ಟಿರುವುದಿಲ್ಲ. ಕಾರಣ ತಿಳಿಯಬೇಕಾದರೆ ಕನ್ನಡವು ಗಣಕಕ್ಕೆ ಬಂದ ಬಗೆಯನ್ನು ಸ್ವಲ್ಪ ನೋಡಬೇಕು.

ಕನ್ನಡದ ಮೊದಮೊದಲ ಬೆರಳಚ್ಚು ತಂತ್ರಾಂಶಗಳಲ್ಲಿ ಹಲವು ದೊಡ್ಡ ಕಂಪನಿಗಳಿಂದ ಬಂದವಲ್ಲ. ಕೆ. ಪಿ. ರಾವ್ ಅವರು ‘ಸೇಡಿಯಾಪು’ ತಂತ್ರಾಂಶವನ್ನು ರೂಪಿಸಿ ಉಚಿತವಾಗಿ ಹಂಚಿದರು. ಹೆಸರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರದು. ಅಮೆರಿಕದಲ್ಲಿ ಉದ್ಯೋಗದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಬಿಡುವಿನ ವೇಳೆಯಲ್ಲಿ ಕಟ್ಟಿದ ‘ಬರಹ’ 1998ರಲ್ಲಿ ಹೊರಬಂದಿತು. ತಮಿಳಿನಲ್ಲಿಯೂ ಇದೇ ಕಥೆ: ಚೆನ್ನೈನ ಬಿ. ವಿಶ್ವನಾಥನ್ ಅವರ ‘ಅಳಗಿ’ 2000ದಲ್ಲಿ ಬಂದಿತು. ಯು. ಬಿ. ಪವನಜ ಅವರು ಮಕ್ಕಳ ಲೋಗೋ ಭಾಷೆಯನ್ನು ಕನ್ನಡಕ್ಕೆ ತಂದರು. ಅದರಲ್ಲಿ ಮಗುವು ಕನ್ನಡದಲ್ಲೇ ಆಜ್ಞೆ ಬರೆದು ಪರದೆಯ ಆಮೆಯನ್ನು ನಡೆಸಬಹುದು. ಇವರಾರೂ ಮಾರುಕಟ್ಟೆಯ ಬೇಡಿಕೆಗಾಗಿ ಕಾಯಲಿಲ್ಲ. ಕಾದಿದ್ದರೆ ಕನ್ನಡ ಶಾಲೆಗಳ ಪಾಲಿಗೆ ಇನ್ನೂ ಹಲವು ವರ್ಷ ಕೈಬರಹವೇ ಗತಿಯಾಗುತ್ತಿತ್ತು.

ಒಬ್ಬರೇ ಕುಳಿತು ಮಾಡಿದ ಕೆಲಸದಲ್ಲಿ ಮಾಡಿದವರ ಯೋಚನಾಕ್ರಮವೂ ಕಾಣುತ್ತದೆ. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಬಹುದು. ಬರಹದಲ್ಲಿ ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಂತೆ ಕೆ, ಎ, ಎನ್, ಎನ್, ಎ, ದೊಡ್ಡ ಡಿ, ಎ ಎಂದು ಏಳು ಕೀಲಿಗಳನ್ನು ಒತ್ತಬೇಕು. ರಾವ್ ಅವರ ವಿನ್ಯಾಸದಲ್ಲಿ ವ್ಯಂಜನದೊಳಗೆ ‘ಅ’ಕಾರ ಸೇರಿಯೇ ಇರುತ್ತದೆ, ಎಫ್ ಕೀಲಿಯು ಒತ್ತಕ್ಷರವನ್ನು ಕೂಡಿಸುತ್ತದೆ. ಆದ್ದರಿಂದ ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದೇ ಕೀಲಿಗಳು ಸಾಕು. ಮೊದಲನೆಯದು ಇಂಗ್ಲಿಷ್ ಕಲಿತವರ ಕೈಗೆ ಬೇಗ ಹತ್ತುತ್ತದೆ. ಎರಡನೆಯದು ಕನ್ನಡದ ವರ್ಣಮಾಲೆಯ ಗುಣಕ್ಕೆ ಹತ್ತಿರವಾದುದು. ಮುಂದೆ ಕರ್ನಾಟಕ ಸರ್ಕಾರದ ನೆರವಿನಿಂದ ಕನ್ನಡ ಗಣಕ ಪರಿಷತ್ತು ಹೊರತಂದ ‘ನುಡಿ’ಯೂ ಈ ಎರಡನೆಯ ವಿನ್ಯಾಸವನ್ನೇ ಹಿಡಿಯಿತು.

ಇನ್ನು ಕಡತದ ತೊಡಕು. ಆ ಕಾಲದ ಗಣಕಕ್ಕೆ ಕನ್ನಡವೆಂಬ ಲಿಪಿಯ ಅರಿವೇ ಇರಲಿಲ್ಲ. ಆದಕಾರಣ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳನ್ನು ತಯಾರಿಸಲಾಯಿತು. ಗಣಕವು ಉಳಿಸಿಟ್ಟುಕೊಳ್ಳುವುದು ಇಂಗ್ಲಿಷ್ ಸಂಕೇತವನ್ನೇ. ಫಾಂಟು ಅದಕ್ಕೆ ಕನ್ನಡದ ವೇಷ ತೊಡಿಸುತ್ತದೆ. ಫಾಂಟಿಲ್ಲದ ಯಂತ್ರದಲ್ಲಿ ವೇಷ ಕಳಚುತ್ತದೆ. ಯೂನಿಕೋಡ್ ಪದ್ಧತಿಯಲ್ಲಿ ಹೀಗಾಗದು. ಅಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ‘ತುಂಗಾ’ ಫಾಂಟು ಬಂದ ಮೇಲೆ ಸಾಮಾನ್ಯ ಗಣಕದಲ್ಲಿಯೂ ಯೂನಿಕೋಡ್ ಕನ್ನಡ ಬಳಕೆಗೆ ದೊರೆಯಿತು.

ಹಳೆಯ ಸಂಕೇತ ಹೊಸದಾಗುವಾಗ ನಡೆಯುವ ಕೆಲಸವು ಶಿಕ್ಷಕರಿಗೆ ತರಗತಿಯಿಂದಲೇ ಪರಿಚಿತವಾದುದು. ‘ಶಕ್ತಿ’ ಎಂಬ ಪದವನ್ನು ಹೊಸದಾಗಿ ಓದುವ ಮಗು ‘ಶಕಿತ’ ಎನ್ನುವುದುಂಟು. ಕಣ್ಣಿಗೆ ಕಾಣುವ ಕ್ರಮ ಹಾಗೆಯೇ ಇದೆ: ಗುಡಿಸು ಕಕಾರದ ಮೇಲೆ, ತವೊತ್ತು ಅದರ ಅಡಿಯಲ್ಲಿ. ನುಡಿಯುವ ಕ್ರಮದಲ್ಲಿ ಇಕಾರವು ತಕಾರದ ನಂತರ ಬರುತ್ತದೆ. ಹಳೆಯ ಫಾಂಟು ಪದ್ಧತಿಯು ಮಗುವಿನಂತೆ ಕಂಡ ಕ್ರಮವನ್ನೇ ದಾಖಲಿಸುತ್ತದೆ. ಯೂನಿಕೋಡ್ ನುಡಿಯುವ ಕ್ರಮವನ್ನು ದಾಖಲಿಸುತ್ತದೆ. ‘ಅರ್ಕ’ದಲ್ಲಿಯೂ ಹಾಗೆಯೇ, ಕೊನೆಯಲ್ಲಿ ಬರೆದ ಅರ್ಕಾವತ್ತು ನುಡಿಯುವಾಗ ಕಕಾರಕ್ಕಿಂತ ಮುಂದೆ ಬರುತ್ತದೆ. ಪರಿವರ್ತಕ ತಂತ್ರಾಂಶವು ಪ್ರತಿ ಪದದಲ್ಲಿಯೂ ಈ ಸ್ಥಳಾಂತರವನ್ನು ಮಾಡಬೇಕು. ಕಾಗುಣಿತವನ್ನು ಚೆನ್ನಾಗಿ ಬಲ್ಲ ಶಿಕ್ಷಕರು ಸ್ವಲ್ಪ ಪ್ರೋಗ್ರಾಮಿಂಗ್ ಕಲಿತರೆ ಇಂತಹ ಪರಿವರ್ತಕವನ್ನು ಸ್ವತಃ ಬರೆಯಬಲ್ಲರು. ಬರಹದೊಂದಿಗೂ ಇಂತಹ ಸಾಧನ ಬಂದಿದೆ.

ಶಾಲೆಯ ಕಡತ ಯಾವ ಬಗೆಯದೆಂದು ತಿಳಿಯುವುದು ಸುಲಭ. ಅದರಿಂದ ಒಂದು ಸಾಲನ್ನು ನಕಲಿಸಿ ನೋಟ್‌ಪ್ಯಾಡಿನಲ್ಲಿ ಅಂಟಿಸಬೇಕು. ಕನ್ನಡವಾಗಿಯೇ ಉಳಿದರೆ ಯೂನಿಕೋಡ್. ಇಂಗ್ಲಿಷ್ ರಾಶಿಯಾದರೆ ಹಳೆಯ ಫಾಂಟು. ಪರಿವರ್ತಿಸುವ ಮೊದಲು ಮೂಲದ ಪ್ರತಿಯೊಂದನ್ನು ಬೇರೆಡೆ ಇಟ್ಟುಕೊಳ್ಳತಕ್ಕದ್ದು. ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಎಚ್ಚರ ಬೇಕು: ಪರಿವರ್ತಕವು ಅವನ್ನೂ ವೇಷಧಾರಿ ಕನ್ನಡವೆಂದೇ ಎಣಿಸಿ ಅರ್ಥವಿಲ್ಲದ ಅಕ್ಷರಗಳನ್ನಾಗಿಸುತ್ತದೆ. ವಿಜ್ಞಾನದ ಸೂತ್ರಗಳಿಗೂ ಗಣಿತದ ಚಿಹ್ನೆಗಳಿಗೂ ಇದೇ ಗತಿಯಾಗಬಹುದು. ಆದ್ದರಿಂದ ಭಾಷೆ ಮತ್ತು ಸಮಾಜದ ಪತ್ರಿಕೆಗಳಿಂದ ಆರಂಭಿಸುವುದು ಲೇಸು. ವಿಜ್ಞಾನ, ಗಣಿತಗಳನ್ನು ಸಾಲು ಸಾಲಾಗಿ ಮೂಲದೊಡನೆ ಹೋಲಿಸಿ ತಿದ್ದಬೇಕು.

ಈ ಕೆಲಸವನ್ನು ಮುಂದೂಡುವಂತಿಲ್ಲ. ಒಬ್ಬರ ಶ್ರಮದಿಂದ ನಿಂತ ತಂತ್ರಾಂಶವು ಅವರ ಬಿಡುವು ಇರುವ ತನಕ ಮಾತ್ರ ಬೆಳೆಯುತ್ತದೆ. ಬರಹದ ಮೊದಲ ಆವೃತ್ತಿಗಳು ಉಚಿತವಾಗಿದ್ದವು; ನಂತರದವು ಬೆಲೆ ಕೊಟ್ಟು ಪಡೆಯುವಂತಾದವು, ಅದರಲ್ಲಿ ಅನ್ಯಾಯವೇನೂ ಇಲ್ಲ. ಹಳೆಯ ಆವೃತ್ತಿ ಮತ್ತು ಫಾಂಟುಗಳು ಉಳಿದಿರುವ ಗಣಕವು ಶಾಲೆಯ ಮೂಲೆಯಲ್ಲಿ ಇನ್ನೂ ನಡೆಯುತ್ತಿದ್ದರೆ, ಅದನ್ನು ಗುಜರಿಗೆ ಹಾಕುವ ಮೊದಲು ಅದರೊಳಗಿನ ಕಡತಗಳನ್ನು ತೆರೆದು ಅಲ್ಲಿಯೇ ಪರಿವರ್ತಿಸಿಕೊಳ್ಳುವುದು ಸುಲಭ. ಗಡಿಯಾಚೆಯ ಕನ್ನಡ ಶಾಲೆಗೆ ಅಭ್ಯಾಸ ಹಾಳೆಗಳು ಅಂಗಡಿಯಲ್ಲಿ ದೊರೆಯುವುದು ಅಪರೂಪ. ಹಿಂದಿನ ಶಿಕ್ಷಕರು ಬೆರಳಚ್ಚು ಮಾಡಿಟ್ಟು ಹೋದದ್ದರ ಇನ್ನೊಂದು ಪ್ರತಿ ಬಹುಮಟ್ಟಿಗೆ ಬೇರೆಲ್ಲಿಯೂ ಇರುವುದಿಲ್ಲ.