ನೀರು ಬಿಡುವ ಹೊತ್ತು

ಹೊತ್ತು ಇನ್ನೂ ಮೂಡಿರುವುದಿಲ್ಲ. ಕರ್ಜಗಿಯ ಓಣಿಯಲ್ಲಿ ಕೊಡ, ಬಕೆಟ್ಟು, ನೀಲಿ ಡ್ರಮ್ಮುಗಳು ಆಗಲೇ ನಳದ ಮುಂದೆ ಪಾಳಿ ಹಿಡಿದಿರುತ್ತವೆ. ನೀರು ಬಿಡುವವ ಸೈಕಲ್ಲಿಗೆ ಉದ್ದನೆಯ ಕಬ್ಬಿಣದ ಚಾವಿ ಕಟ್ಟಿಕೊಂಡು ಬಂದು, ಓಣಿಗಳು ಕೂಡುವಲ್ಲಿ ಕಲ್ಲುಚಪ್ಪಡಿ ಸರಿಸುತ್ತಾನೆ. ಕೆಳಗೆ ಚೇಂಬರಿನಲ್ಲಿ ಮೊಣಕಾಲುದ್ದ ಕೆಸರು, ಎರೆಮಣ್ಣಿನದು. ಕಣ್ಣಿಗೆ ಏನೂ ಕಾಣದು. ಚಾವಿಯ ತುದಿಯಿಂದಲೇ ತಡವಿ ತಡವಿ ವಾಲ್ವಿನ ತಲೆ ಹಿಡಿಯಬೇಕು.

"ತಮ್ಮಾ, ಇವತ್ತರ ಜೋರ ಬಿಡಪಾ. ನಿನ್ನಿ ಎರಡ ಕೊಡ ತುಂಬೂದ್ರಾಗ ನಿಂತ ಹೋತು."

"ಬಿಡ್ತೇನ್ರಿ ಅವ್ವಾರ. ಮ್ಯಾಲಿನ ಓಣಿದು ಬಂದ್ ಮಾಡಿ ಬಂದೇನಿ, ನಿಮಗ ಪೂರಾ ಬರತೈತಿ."

ಚಾವಿ ಎಡಕ್ಕೆ ತಿರುಗತೊಡಗುತ್ತದೆ. ಮೊದಲೆರಡು ಸುತ್ತಿಗೆ ಮೈಭಾರವೆಲ್ಲ ಹಾಕಬೇಕು, ಆಮೇಲೆ ಹಗುರ. ನಳಗಳಿಂದ ಗಾಳಿ ಬುಸುಗುಟ್ಟುತ್ತದೆ, ಕೆಂಪು ನೀರು ಉಗುಳಿದಂತೆ ಬೀಳುತ್ತದೆ, ಬಳಿಕ ತಿಳಿನೀರು.

ಕೆಸರಿನಡಿ ಇರುವುದು ಬೆಣೆಯಾಕಾರದ ಗೇಟ್ ವಾಲ್ವ್. ನೀರು ಸರಬರಾಜಿನವರ ಬಾಯಲ್ಲಿ ಸ್ಲೂಯಿಸ್ ವಾಲ್ವ್, ಊರವರ ಬಾಯಲ್ಲಿ ಬರೀ ವಾಲ್. ಎರಕದ ಕಬ್ಬಿಣದ ಒಡಲು. ಅದರೊಳಗೆ ಮೇಲೆ ಅಗಲವಾಗಿ ಕೆಳಗೆ ಕಿರಿದಾಗುವ ಎರಡು ಓರೆ ಮುಖಗಳು, ಅವಕ್ಕೆ ಕಂಚಿನ ಜಾತಿಯ ಲೋಹದ ಉಂಗುರ. ಆ ಸಂದಿಗೆ ಅಷ್ಟೇ ಓರೆಯಾದ ಬಿಲ್ಲೆಯೊಂದು ಮೇಲಿನಿಂದ ಇಳಿಯುತ್ತದೆ. ಕೊಡಲಿಯ ಕಾವು ಸಡಿಲವಾದರೆ ಬಡಿಗ ಬೆಣೆ ಬಡಿಯುತ್ತಾನಲ್ಲ, ಆ ಯುಕ್ತಿಯೇ ಇಲ್ಲಿಯೂ: ಕೆಳಗೆ ಒತ್ತಿದ ಬಲ ಎರಡು ಪಕ್ಕಕ್ಕೂ ಹಲವು ಪಟ್ಟಾಗಿ ಬಿಗಿಯುತ್ತದೆ. ಬಿಲ್ಲೆಯನ್ನು ಏರಿಳಿಸುವುದು ತಿರುಪಿನ ಸ್ಪಿಂಡಲ್. ಅದು ನಿಂತಲ್ಲೇ ತಿರುಗುತ್ತದೆ, ಬಿಲ್ಲೆಗೆ ಸಿಕ್ಕಿಸಿದ ನಟ್ಟು ಮಾತ್ರ ಅದರ ಮೇಲೆ ಹತ್ತಿಳಿಯುತ್ತದೆ. ಹಾಗಾಗಿಯೇ ಇಷ್ಟು ಗಿಡ್ಡ ಚೇಂಬರಿನಲ್ಲಿ ಇದು ಹಿಡಿಸಿದೆ. ತಿರುಪಿನ ಎಳೆಗಳ ನಡುವಿನ ಅಂತರ 6 ಮಿಲಿಮೀಟರಾದರೆ 150 ಮಿಲಿಮೀಟರಿನ ವಾಲ್ವ್ ಪೂರ್ತಿ ತೆರೆಯಲು 25 ಸುತ್ತು ಬೇಕು.

ಮೊದಲ ಸುತ್ತು ಯಾಕಷ್ಟು ಬಿಗಿ? ಟ್ಯಾಂಕಿನ ನೀರು 15 ಮೀಟರ್ ಮೇಲಿದ್ದರೆ ಚದರ ಸೆಂಟಿಮೀಟರಿಗೆ ಒಂದೂವರೆ ಕಿಲೋ ಒತ್ತಡ. 150 ಮಿಲಿಮೀಟರಿನ ಬಿಲ್ಲೆಯ ಮೇಲೆ ಅದು ಸುಮಾರು 265 ಕಿಲೋ ಭಾರ. ಇಷ್ಟನ್ನೂ ಉಂಗುರಕ್ಕೆ ಉಜ್ಜುತ್ತಲೇ ಬಿಲ್ಲೆ ಮೇಲೇಳಬೇಕು.

ಮೇಲೆದ್ದ ಬಿಲ್ಲೆ ಒಡಲಿನ ಮೇಲಿನ ಟೊಪ್ಪಿಗೆಯೊಳಗೆ ಅಡಗಿ ದಾರಿ ಪೂರ್ತಿ ಬಿಡುತ್ತದೆ. ನೀರು ಅಂಕುಡೊಂಕಾಗದೆ ನೆಟ್ಟಗೆ ಹರಿಯುತ್ತದೆ, ಒತ್ತಡ ಕಳೆಯುವುದು ಅತ್ಯಲ್ಪ. ನೀರನ್ನು ಅಂಕುಡೊಂಕಾಗಿ ಹರಿಸುವ ಗ್ಲೋಬ್ ವಾಲ್ವ್ ಇಟ್ಟಿದ್ದರೆ ಇದರ ಹತ್ತಾರು ಪಟ್ಟು ಕಳೆಯುತ್ತಿತ್ತು. ಮೋಟಾರಿನ ಬಲವಿಲ್ಲದೆ ಟ್ಯಾಂಕಿನ ಎತ್ತರವನ್ನೇ ನಂಬಿದ ಊರಿನಲ್ಲಿ ಕಡೆಯ ಓಣಿಯ ಕಡೆಯ ಮನೆಗೆ ಇದೇ ದೊಡ್ಡ ಉಪಕಾರ.

ಇದರ ನಿಧಾನವನ್ನೂ ನಾನು ಗುಣವೆಂದೇ ಎಣಿಸುತ್ತೇನೆ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹರಿಯುವ ನೀರನ್ನು ಕಬ್ಬಿಣದ ಕೊಳವೆಯಲ್ಲಿ ತಟ್ಟನೆ ತಡೆದರೆ, ಸುಮಾರು 100 ಮೀಟರ್ ಎತ್ತರದ ನೀರಿನಷ್ಟು ಒತ್ತಡ ಒಮ್ಮೆಲೇ ಏರಿ ಕೊಳವೆಯನ್ನು ಗುದ್ದುತ್ತದೆ. ಕಾಲು ಸುತ್ತಿಗೆ ಮುಚ್ಚುವ ಬಾಲ್ ವಾಲ್ವ್ ಮನೆಯ ನಳಕ್ಕೆ ಚೆಂದ, ದೊಡ್ಡ ಕೊಳವೆಗೆ ಅಪಾಯ. 25 ಸುತ್ತಿನ ವಾಲ್ವ್‌ಗೆ ಅವಸರ ಮಾಡೆಂದರೂ ಆಗದು.

ಆದರೆ ಅದಕ್ಕೆ ತೆರೆದಿರುವುದು ಗೊತ್ತು, ಮುಚ್ಚಿರುವುದು ಗೊತ್ತು, ನಡುವಿನದು ಒಗ್ಗದು. ಮೇಲಿನ ಓಣಿಗೆ ಅರ್ಧ, ಕೆಳಗಿನದಕ್ಕೆ ಕಾಲು ಎಂದು ನೀರು ಹಂಚುವ ಊರು ಅದರಿಂದ ನಡುವಿನ ಕೆಲಸವನ್ನೇ ಮಾಡಿಸುತ್ತದೆ. ಕಾಲು ಭಾಗ ಎತ್ತುವಷ್ಟರಲ್ಲೇ ನೀರಿನ ಹೆಚ್ಚಿನ ಪಾಲು ಹರಿದುಬಿಡುವುದರಿಂದ ಹಂಚಿಕೆ ಕೈಗೆ ಸಿಗುವುದಿಲ್ಲ. ಅರ್ಧ ತೂಗುವ ಬಿಲ್ಲೆ ಅದುರುತ್ತದೆ, ಕಿರಿದಾದ ಸಂದಿಯಲ್ಲಿ ನುಗ್ಗುವ ನೀರು ಮರಳಿನೊಡನೆ ಉಂಗುರದ ಅಂಚನ್ನು ಕೊರೆಯುತ್ತದೆ. ಒಮ್ಮೆ ಕೊರೆದರೆ ಮುಗಿಯಿತು, ಎಷ್ಟು ಬಿಗಿದರೂ ಒಸರುತ್ತಲೇ ಇರುತ್ತದೆ.

ಇನ್ನೊಂದು ಶತ್ರು ಮಳೆಗಾಲದ ರಾಡಿ. ವರದಾ ನದಿಗೆ ಹೊಸನೀರು ಬಂದಾಗ ನೀರಿನ ಜೊತೆ ಬರುವ ಮರಳು ವಾಲ್ವಿನ ತಳದ ಕುಳಿಯಲ್ಲಿ ಕೂರುತ್ತದೆ. ಬಿಲ್ಲೆಯನ್ನು ಪೂರ್ತಿ ಇಳಿಯದಂತೆ ತಡೆಯುತ್ತದೆ. ಆಗ ಚಾವಿಗೆ ಪೈಪು ಸಿಕ್ಕಿಸಿ ಇಬ್ಬರು ಜೋತುಬೀಳುತ್ತಾರೆ. ಸ್ಪಿಂಡಲ್ ಬಾಗುತ್ತದೆ, ಇಲ್ಲವೇ ಕಂಚಿನ ನಟ್ಟಿನ ಎಳೆ ಸವೆದುಹೋಗುತ್ತದೆ. "ಚಾವಿ ತಿರಗತೈತ್ರಿ, ನೀರ ನಿಲ್ಲವಲ್ದು" ಎನ್ನುವ ದೂರು ಹುಟ್ಟುವುದು ಹೀಗೆ. ಬೈಗುಳ ಬೀಳುವುದು ತಿರುಗಿಸಿದವನಿಗೆ. ಕೈಗೆ ಚಾವಿ ಕೊಟ್ಟವರು ಸುತ್ತಿನ ಲೆಕ್ಕ ಹೇಳಿಕೊಟ್ಟಿರುವುದು ಅಪರೂಪ. ಬಿಗಿಯಾದಾಗ ಎರಡು ಸುತ್ತು ಹಿಂದೆ ಬಿಚ್ಚಿ, ನುಗ್ಗುವ ನೀರಿನಲ್ಲಿ ಮರಳು ತೊಳೆದುಹೋಗಲು ಬಿಟ್ಟು ಮತ್ತೆ ಮುಚ್ಚಬೇಕು. ಅಷ್ಟೇ.

ಎರಡೂ ಮುಖ ಓರೆಯಾದ ಈ ವಾಲ್ವನ್ನು ಸ್ಕಾಟ್ಲೆಂಡಿನ ಜೇಮ್ಸ್ ನಾಸ್ಮಿತ್ 1839ರಲ್ಲಿ ಲಂಡನ್ನಿನ ನೀರಿನ ಕಂಪನಿಯೊಂದಕ್ಕಾಗಿ ರೂಪಿಸಿದ. ಹಬೆಯ ಸುತ್ತಿಗೆಗೆ ಹೆಸರಾದವನೂ ಅವನೇ. ಕರ್ಜಗಿಯ ನಿಲ್ದಾಣದಲ್ಲಿ ರೈಲು ಹತ್ತಿದರೆ ಸಿಗುವ ಹುಬ್ಬಳ್ಳಿ ಇಂದು ವಾಲ್ವುಗಳ ಊರು. ಅಲ್ಲಿಯ ಬಿಡಿಕೆ ಕಂಪನಿಯನ್ನು 2010ರಲ್ಲಿ ಕೊಂಡದ್ದು ಸ್ಕಾಟ್ಲೆಂಡಿನ ವೀರ್ ಗ್ರೂಪ್. ನಾಸ್ಮಿತ್ ಕೇಳಿದ್ದರೆ ನಗುತ್ತಿದ್ದನೇನೋ.

ಈಗ ರಬ್ಬರು ಹೊದಿಸಿದ ಬೆಣೆಯ ವಾಲ್ವುಗಳು ಬಂದಿವೆ. ತಳದಲ್ಲಿ ಕುಳಿಯಿಲ್ಲ, ಮರಳು ಕೂರುವುದಿಲ್ಲ, ಕಡಿಮೆ ಬಲಕ್ಕೇ ನೀರು ನಿಲ್ಲುತ್ತದೆ. ಇವಕ್ಕೂ ಪೈಪು ಸಿಕ್ಕಿಸಿ ಬಿಗಿದರೆ ರಬ್ಬರು ಹರಿಯುತ್ತದೆ, ಅದು ಬೇರೆ ಮಾತು. ಓಣಿ ಓಣಿಗೆ ನೀರು ಬಿಡಲು, ನಿಲ್ಲಿಸಲು ಬೆಣೆಯ ವಾಲ್ವೇ ಸರಿ. ಹಂಚಿಕೆ ಬೇಕಿದ್ದರೆ ಓಣಿಗೊಂದು ವಾಲ್ವ್ ಇಟ್ಟು ಪಾಳಿಯ ಮೇಲೆ ಪೂರ್ತಿ ಬಿಡಬೇಕು.

ವಾಲ್ವಿಗಿಂತ ನನಗೆ ಹೆಚ್ಚು ಭಯ ಕೆಸರು ತುಂಬಿದ ಆ ಚೇಂಬರಿನದು. ನೀರು ನಿಂತ ಮೇಲೆ ಕೊಳವೆ ಬರಿದಾಗಿ ಒಳಗೆ ಎಳೆತ ಹುಟ್ಟುತ್ತದೆ. ಸ್ಪಿಂಡಲಿನ ಸುತ್ತ ನೀರು ಒಸರದಂತೆ ತುಂಬಿದ ಗ್ಲ್ಯಾಂಡಿನ ಪ್ಯಾಕಿಂಗ್ ಸವೆದಿದ್ದರೆ ಸುತ್ತಲಿನ ಕೊಳೆನೀರು ಅದೇ ದಾರಿಯಲ್ಲಿ ಒಳಹೋಗಿ ಮರುದಿನ ಕೊಡಕ್ಕೆ ಬರುತ್ತದೆ. ಮುಂದಿನ ಗ್ರಾಮಸಭೆಗೆ ಹೋದಾಗ ಹೊಸ ಟ್ಯಾಂಕು ಕೇಳುವ ಮೊದಲು ಇಷ್ಟು ಕೇಳಿ: ಚೇಂಬರುಗಳ ಕೆಸರು ತೆಗೆಸಿ, ಗ್ಲ್ಯಾಂಡಿನ ಪ್ಯಾಕಿಂಗ್ ಬದಲಿಸಿ, ಹೊಸ ವಾಲ್ವ್ ಕೊಳ್ಳುವುದಾದರೆ ಭಾರತೀಯ ಮಾನಕ ಐಎಸ್ 14846ರ ಗುರುತು ನೋಡಿ ಕೊಳ್ಳಿ.