ಚುಕ್ಕಿ ಹೆಚ್ಚಿದ ತೆರೆ ಎಡವುವುದೇಕೆ?

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯನ್ನು ಇತಿಹಾಸ ಓದಿದವರು ಬಲ್ಲರು. ವಿಜಾಪುರದ ಆದಿಲಶಾಹಿ ಮನೆತನದ ಮೂಲಪುರುಷನಾದ ಯೂಸುಫ್ ಆದಿಲಶಹನ ಸಮಾಧಿ ಇರುವುದು ಇಲ್ಲಿಯೇ. ಈಚಿನ ದಶಕಗಳಲ್ಲಿ ಇಲ್ಲಿಯ ನೆಲದಡಿಯ ಯುರೇನಿಯಂ ಅದಿರಿನಿಂದಾಗಿ ಭೂವಿಜ್ಞಾನಿಗಳಿಗೂ ಈ ಊರು ಪರಿಚಿತವಾಗಿದೆ. ಆದರೆ ನಾವು ಈಚೆಗೆ ಅಲ್ಲಿಗೆ ಹೋದಾಗ ನಮ್ಮ ಮುಂದೆ ಬಂದ ಪ್ರಶ್ನೆ ಸಮಾಧಿಗೂ ಸಂಬಂಧಿಸಿದುದಲ್ಲ, ಅದಿರಿಗೂ ಸಂಬಂಧಿಸಿದುದಲ್ಲ.

ಭೂಗೋಳವನ್ನು ಓದುತ್ತಿರುವ ತರುಣನೊಬ್ಬನು ನಮ್ಮೆದುರು ಎರಡು ಲ್ಯಾಪ್‌ಟಾಪ್‌ಗಳನ್ನಿಟ್ಟನು. ಒಂದು ಹಲವು ವರ್ಷ ಹಳೆಯದು, ಇನ್ನೊಂದು ಹೊಸದು. ಎರಡರಲ್ಲಿಯೂ ಗೋಗಿಯ ಉಪಗ್ರಹ ಚಿತ್ರವನ್ನು ತೆರೆದು ಬೆರಳಿನಿಂದ ಸರಿಸಿ ತೋರಿಸಿದನು. ಹಳೆಯದರಲ್ಲಿ ಚಿತ್ರವು ಸರಾಗವಾಗಿ ಜಾರಿತು. ಹೊಸದರಲ್ಲಿ ಗೆರೆಗಳೇನೋ ಕೂದಲೆಳೆಯಷ್ಟು ಸ್ಪಷ್ಟ. ಆದರೆ ಸರಿಸಿದಾಗ ಚಿತ್ರವು ತಡೆತಡೆದು ಜಿಗಿಯಿತು. ಕನ್ನಡ ಪುಟವೊಂದನ್ನು ತೆರೆದು ಕೆಳಕ್ಕೆ ಓಡಿಸಿದರೂ ಅದೇ ಗತಿ. “ಸರ, ಹಳೇದು ಓಡ್ತದ, ಹೊಸದು ಎಡವ್ತದ” ಎಂದನು. ಹತ್ತಿ ಮಾರಿದ ಹಣದಲ್ಲಿ ಅದನ್ನು ಕೊಡಿಸಿದ ಅವನ ತಂದೆ, “ಇಷ್ಟು ರೊಕ್ಕ ಕೊಟ್ಟೀವಿ, ಚಲೋ ಇಲ್ಲೇನ್ರಿ? ಬಂದಷ್ಟಕ್ಕ ಮಾರಿ ಬಿಡಬೇಕಂತೀವಿ” ಎಂದರು.

ಹೊಸ ಯಂತ್ರವು ಕೆಟ್ಟಿದೆಯೇ? ಅಥವಾ ಅದರ ಹೆಚ್ಚಳವೇ ಅದಕ್ಕೆ ಹೊರೆಯಾಗಿದೆಯೇ? ಇದನ್ನು ತಿಳಿಯಬೇಕಾದರೆ ತೆರೆಯ ಮೇಲೆ ಚಿತ್ರವು ಚಲಿಸುವ ಬಗೆಯನ್ನು ಮೊದಲು ನೋಡಬೇಕು.

ಬಸ್ಸು ತಪ್ಪಿದ ಚಿತ್ರ

ತೆರೆಯ ಮೇಲೆ ಯಾವ ವಸ್ತುವೂ ನಿಜವಾಗಿ ಚಲಿಸುವುದಿಲ್ಲ. ಸಿನಿಮಾದಲ್ಲಿ ಸೆಕೆಂಡಿಗೆ 24 ಸ್ಥಿರಚಿತ್ರಗಳು ಒಂದರ ಹಿಂದೊಂದು ಬಂದು ಚಲನೆಯ ಭ್ರಮೆಯನ್ನು ಹುಟ್ಟಿಸುವುವಷ್ಟೆ. ಸಾಮಾನ್ಯ ಲ್ಯಾಪ್‌ಟಾಪಿನ ತೆರೆಯು ಸೆಕೆಂಡಿಗೆ 60 ಸಲ ಹೊಸತಾಗುವುದು. ಎಂದರೆ ಒಂದೊಂದು ಚಿತ್ರವನ್ನು ಸಿದ್ಧಗೊಳಿಸಲು ಯಂತ್ರಕ್ಕೆ ದೊರೆಯುವ ಅವಧಿಯು ಸೆಕೆಂಡಿನ 60ನೆಯ ಒಂದು ಭಾಗ, ಸುಮಾರು 16.7 ಮಿಲಿಸೆಕೆಂಡು.

ಈ ಗಡುವು ಬಹು ಕಟ್ಟುನಿಟ್ಟಿನದು. ಶಹಾಪುರದ ನಿಲ್ದಾಣದಿಂದ ಹೊತ್ತಿಗೆ ಸರಿಯಾಗಿ ಹೊರಡುವ ಬಸ್ಸಿಗೆ ಇದನ್ನು ಹೋಲಿಸಬಹುದು. ಒಂದು ನಿಮಿಷ ತಡವಾಗಿ ಬಂದವನು ಒಂದು ನಿಮಿಷ ಕಾದರೆ ಸಾಲದು. ಮುಂದಿನ ಬಸ್ಸಿನವರೆಗೂ ಕಾಯಬೇಕು. ಅಂತೆಯೇ 16.7 ಮಿಲಿಸೆಕೆಂಡಿನಲ್ಲಿ ಮುಗಿಯಬೇಕಾದ ಚಿತ್ರಕ್ಕೆ 18 ಹಿಡಿಯಿತೆನ್ನಿ. ಆಗ ತೆರೆಯು ಹಳೆಯ ಚಿತ್ರವನ್ನೇ ಮತ್ತೊಮ್ಮೆ ತೋರಿಸಿ, ಹೊಸದನ್ನು ಮುಂದಿನ ಸರದಿಗೆ ಬಿಡುವುದು. ಪ್ರತಿಯೊಂದು ಚಿತ್ರವೂ ಹೀಗೆ ತಡವಾದರೆ ಸೆಕೆಂಡಿಗೆ 60ರ ಬದಲು 30 ಚಿತ್ರಗಳು ಮಾತ್ರ ಕಣ್ಣಿಗೆ ಬೀಳುವುವು. ಕೆಲವು ಹೊತ್ತಿಗೆ ಸರಿಯಾಗಿ ಬಂದು ಕೆಲವು ತಪ್ಪಿದರಂತೂ ಕಣ್ಣಿಗೆ ಇನ್ನೂ ಕಿರಿಕಿರಿ. ತರುಣನು ‘ಎಡವ್ತದ’ ಎಂದುದು ಇದನ್ನೇ.

ಚುಕ್ಕಿಗಳ ಲೆಕ್ಕ

ಇನ್ನು ಹೊರೆಯ ಲೆಕ್ಕಕ್ಕೆ ಬರೋಣ. ತೆರೆಯ ಚಿತ್ರವು ಪಿಕ್ಸೆಲ್ ಎಂಬ ಚುಕ್ಕಿಗಳಿಂದ ಆದುದು. ಹಳೆಯ ಲ್ಯಾಪ್‌ಟಾಪಿನ ತೆರೆಯಲ್ಲಿ ಅಡ್ಡಲಾಗಿ 1366, ಉದ್ದಕ್ಕೆ 768, ಒಟ್ಟು 10,49,088 ಚುಕ್ಕಿಗಳಿದ್ದುವು. ಹೊಸದರಲ್ಲಿ 3840 ಮತ್ತು 2160, ಒಟ್ಟು 82,94,400. ತೆರೆಯ ಅಳತೆ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಚುಕ್ಕಿಗಳು ಸುಮಾರು ಎಂಟು ಪಟ್ಟಾಗಿವೆ!

ಒಂದು ಚುಕ್ಕಿಯ ಬಣ್ಣವನ್ನು ಬರೆದಿಡಲು ಸಾಮಾನ್ಯವಾಗಿ 4 ಬೈಟುಗಳು ಬೇಕು. ಆದುದರಿಂದ ಹೊಸ ತೆರೆಯ ಒಂದು ಚಿತ್ರಕ್ಕೆ ಸುಮಾರು 3.3 ಕೋಟಿ ಬೈಟುಗಳು. ಸೆಕೆಂಡಿಗೆ 60 ಚಿತ್ರಗಳೆಂದರೆ ಸುಮಾರು 199 ಕೋಟಿ ಬೈಟುಗಳು. ಸಿದ್ಧವಾದ ಚಿತ್ರವನ್ನು ತೆರೆಗೆ ಸಾಗಿಸುವುದಕ್ಕೇ ಇಷ್ಟು ಬೇಕು. ಚಿತ್ರವನ್ನು ರಚಿಸುವ ಕೆಲಸ ಬೇರೆ ಇದೆ. ಪುಟ, ಅದರ ಮೇಲಿನ ಪಟ್ಟಿ, ನೆರಳು, ಹಿನ್ನೆಲೆ ಇವೆಲ್ಲ ಬೇರೆ ಬೇರೆ ಪದರಗಳಾಗಿರುವುವು. ಅವನ್ನು ಸ್ಮೃತಿಯಿಂದ ಓದಿ, ಒಂದರ ಮೇಲೊಂದು ಹೊಂದಿಸಿ, ಮತ್ತೆ ಸ್ಮೃತಿಗೆ ಬರೆಯಬೇಕು. ಹೀಗೆ ಒಂದೇ ಚಿತ್ರಕ್ಕಾಗಿ ಸ್ಮೃತಿಯ ಬಾಗಿಲನ್ನು ಹಲವು ಸಲ ತಟ್ಟಬೇಕಾಗುವುದು.

ಆ ಬಾಗಿಲಿನ ಅಗಲವೆಷ್ಟು? ಡಿಡಿಆರ್4-2400 ಎಂಬ ಜಾತಿಯ ರ‍್ಯಾಮ್ ಪಟ್ಟಿ ಒಂದೇ ಇದ್ದರೆ, ಸೆಕೆಂಡಿಗೆ ಹೆಚ್ಚೆಂದರೆ 1,920 ಕೋಟಿ ಬೈಟುಗಳು ಅದರ ಮೂಲಕ ಹಾಯಬಲ್ಲುವು. ಎರಡು ಪಟ್ಟಿಗಳನ್ನು ಜೋಡಿಯಾಗಿ ಹಾಕಿದರೆ ಇದರ ಎರಡರಷ್ಟು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಲೆಕ್ಕ ಮಾಡುವ ಭಾಗವೂ ಚಿತ್ರ ಬರೆಯುವ ಭಾಗವೂ ಈ ಒಂದೇ ಬಾವಿಯ ನೀರನ್ನು ಸೇದಬೇಕು. ಒಂದೇ ರಾಟೆಯಿರುವ ಬಾವಿಗೆ ಇಡೀ ಓಣಿಯ ಕೊಡಗಳು ಬಂದರೆ ಏನಾಗುವುದೆಂದು ಹಳ್ಳಿಯವರಿಗೆ ಹೇಳಬೇಕಾದುದಿಲ್ಲ.

ಈ ತೊಡಕು ಅಗ್ಗದ ಯಂತ್ರಗಳಿಗೆ ಮಾತ್ರ ಬಂದುದಲ್ಲ. 2012ರಲ್ಲಿ ಆಪಲ್ ಕಂಪನಿಯು 2880×1800, ಎಂದರೆ 51,84,000 ಚುಕ್ಕಿಗಳ ತೆರೆಯುಳ್ಳ ಮ್ಯಾಕ್‌ಬುಕ್ ಪ್ರೊ ಲ್ಯಾಪ್‌ಟಾಪನ್ನು ಹೊರತಂದಿತು. ಭಾರವಾದ ಪುಟಗಳನ್ನು ಸರಿಸುವಾಗ ಅದೂ ತಡವರಿಸುವುದೆಂದು ಪರೀಕ್ಷಕರು ಆಗಲೇ ಗುರುತಿಸಿದರು. ಅದರಲ್ಲಿ 1920×1200ರ ಅಳತೆಯನ್ನು ಆರಿಸಿದರೆ ಹೊರೆ ಕಡಮೆಯಾಗುವ ಬದಲು ಹೆಚ್ಚುತ್ತಿದ್ದಿತು. ಯಂತ್ರವು ಮೊದಲು 3840×2400, ಎಂದರೆ 92,16,000 ಚುಕ್ಕಿಗಳ ಚಿತ್ರವನ್ನು ಬರೆದು, ಆ ಬಳಿಕ ಅದನ್ನು ಕುಗ್ಗಿಸಿ ತೆರೆಗೆ ಕೊಡುತ್ತಿದ್ದುದೇ ಇದಕ್ಕೆ ಕಾರಣ.

ಕನ್ನಡ ಲಿಪಿಯ ತಪ್ಪೇ?

“ಕನ್ನಡ ಪುಟಕ್ಕ ಜಾಸ್ತಿ ತ್ರಾಸ ಆಗ್ತದೇನ್ರಿ ಸರ?” ಎಂದು ತರುಣನು ಕೇಳಿದನು. ಪ್ರಶ್ನೆ ಉಚಿತವಾದುದೇ. ಕನ್ನಡವು 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ಪಡೆಯಿತು. ಅದರಂತೆ ಗೋಗಿಯ ಸೀಮೆಗೆ ಚಿರಪರಿಚಿತವಾದ ‘ಕೃಷ್ಣಾ’ ಎಂಬ ಹೆಸರನ್ನು ಬರೆಯಲು ಆರು ಸಂಕೇತಗಳು ಬೇಕು: ಕ, ಋಕಾರದ ಚಿಹ್ನೆ, ಷ, ಹಲಂತ, ಣ, ದೀರ್ಘ. ಆರನ್ನೂ ಕೂಡಿಸಿ, ಒತ್ತನ್ನು ಕೆಳಗಿಟ್ಟು, ಎರಡು ಅಕ್ಷರಗಳ ಆಕಾರವನ್ನು ಯಂತ್ರವು ಕಟ್ಟಬೇಕು. ಇಂಗ್ಲಿಷಿಗಿಂತ ಇದು ಹೆಚ್ಚಿನ ಕೆಲಸವೆಂಬುದು ದಿಟ.

ಆದರೆ ಇದು ಒಮ್ಮೆ ಮಾಡಿ ಮುಗಿಸುವ ಕೆಲಸ. ಒಮ್ಮೆ ಕಟ್ಟಿದ ಅಕ್ಷರವನ್ನು ಯಂತ್ರವು ಕಾದಿಟ್ಟುಕೊಳ್ಳುವುದು. ಇಡೀ ಪುಟವನ್ನೂ ಚೌಕ ತುಂಡುಗಳಾಗಿ ಮಾಡಿ ಕಾದಿಡುವುದು ಇಂದಿನ ಬ್ರೌಸರುಗಳ ಪದ್ಧತಿ. ಉಪಗ್ರಹ ನಕ್ಷೆಯೂ ಇಂತಹ ಚೌಕಗಳಿಂದಲೇ ಆದುದು. ನಾವು ಪುಟವನ್ನು ಸರಿಸಿದಾಗ ಗ್ರಾಫಿಕ್ಸ್ ಚಿಪ್ಪು ಹಳೆಯ ಚೌಕಗಳನ್ನು ಹೊಸ ಜಾಗಕ್ಕೆ ಒಯ್ದು, ಅಂಚಿನಲ್ಲಿ ಹೊಸದಾಗಿ ಬಂದವನ್ನಷ್ಟೇ ಸೇರಿಸುವುದು. ಗ್ರಾಫಿಕ್ಸ್ ಚಿಪ್ಪಿಗೆ ಈ ಕೆಲಸ ಹಗುರ. ಮುಖ್ಯ ಸಂಸ್ಕಾರಕವೇ ಚುಕ್ಕಿಚುಕ್ಕಿಯನ್ನೂ ಬರೆಯಬೇಕಾಗಿ ಬಂದಾಗ ಎಂಟು ಪಟ್ಟಿನ ಹೊರೆಯು ತನ್ನ ಭಾರವನ್ನು ತೋರಿಸುವುದು.

ಎರಡು ಸುಲಭ ಪರೀಕ್ಷೆಗಳು

ದೋಷವೆಲ್ಲಿದೆ ಎಂಬುದನ್ನು ವಾಚಕರು ತಾವೇ ಕಂಡುಕೊಳ್ಳಬಹುದು. ಮೊದಲನೆಯದಾಗಿ, ಪುಟವೊಂದನ್ನು ಕಡೆಯವರೆಗೂ ತೆರೆದು ನೋಡಿ, ಅಂತರಜಾಲವನ್ನು ಕಡಿದು, ಅದೇ ಪುಟವನ್ನು ಮತ್ತೆ ಮೇಲೆ ಕೆಳಗೆ ಸರಿಸಬೇಕು. ಆಗ ಸರಾಗವಾಗಿ ಓಡಿದರೆ ತಡೆಯು ಬಹುಮಟ್ಟಿಗೆ ಅಂತರಜಾಲದ್ದು. ಆಗಲೂ ಎಡವಿದರೆ ಯಂತ್ರದ್ದು. ಎರಡನೆಯದಾಗಿ, ಬ್ರೌಸರಿನ ಕಿಟಕಿಯನ್ನು ತೆರೆಯ ಕಾಲು ಭಾಗಕ್ಕೆ ಕಿರಿದು ಮಾಡಬೇಕು. ಎಡವುವುದು ನಿಂತರೆ ಚುಕ್ಕಿಗಳ ಹೊರೆಯೇ ಕಾರಣ. ನಿಲ್ಲದಿದ್ದರೆ ಪುಟದ ರಚನೆಯೋ ಹಿಂದೆ ನಡೆಯುತ್ತಿರುವ ಬೇರೊಂದು ಕೆಲಸವೋ ಕಾರಣವಾಗಿರಬಹುದು.

ಗೋಗಿಯಲ್ಲಿ ನಾವು ಎರಡನ್ನೂ ಮಾಡಿದೆವು. ಅಂತರಜಾಲವಿಲ್ಲದಾಗಲೂ ಪುಟ ಎಡವಿತು. ಕಿಟಕಿಯನ್ನು ಕಿರಿದು ಮಾಡಿದೊಡನೆ ನೆಟ್ಟಗೆ ಓಡಿತು. ಬ್ರೌಸರಿನ ಸೆಟ್ಟಿಂಗ್ಸ್ ತೆರೆದು ನೋಡಿದರೆ ‘ಹಾರ್ಡ್‌ವೇರ್ ಆಕ್ಸಿಲರೇಶನ್’ ಎಂಬುದನ್ನು ಯಾರೋ ನಿಲ್ಲಿಸಿದ್ದರು. ಗ್ರಾಫಿಕ್ಸ್ ಚಿಪ್ಪು ಸುಮ್ಮನೆ ಕುಳಿತಿದ್ದಿತು. ಅದನ್ನು ಚಾಲೂ ಮಾಡಿ, ಬ್ರೌಸರನ್ನು ಮುಚ್ಚಿ ತೆರೆದಾಗ ಬಹುಪಾಲು ತಡೆ ಹೋಯಿತು. ಬಳಿಕ ತೆರೆಯನ್ನು 1920×1080ಕ್ಕೆ ಇಳಿಸಿದೆವು. ಆಗ ನಾಲ್ಕು ಚುಕ್ಕಿಗಳ ಜಾಗಕ್ಕೆ ಒಂದೇ ಬಣ್ಣವನ್ನು ಕಟ್ಟಿದರೆ ಸಾಕು. ಕೆಲಸವು ಕಾಲು ಭಾಗಕ್ಕೆ ಇಳಿಯುವುದು. ಅಕ್ಷರದ ಅಂಚು ತುಸು ಒರಟಾಯಿತು. ಆದರೆ ಓಟವು ಸಲೀಸಾಯಿತು. ನಕ್ಷೆಯ ಸೂಕ್ಷ್ಮ ಗೆರೆಗಳನ್ನು ನೋಡುವಾಗ ಪೂರ್ಣ ಚುಕ್ಕಿಗಳು, ದಿನದ ಓದಿಗೆ ಕಡಮೆ ಚುಕ್ಕಿಗಳು ಎಂದು ತರುಣನು ತನ್ನಷ್ಟಕ್ಕೆ ನಿಶ್ಚಯಿಸಿಕೊಂಡನು.

ಯಂತ್ರದಲ್ಲಿ ರ‍್ಯಾಮ್ ಪಟ್ಟಿ ಒಂದೇ ಇದ್ದು, ಇನ್ನೊಂದಕ್ಕೆ ಜಾಗವು ಖಾಲಿ ಇದ್ದಿತು. ಮುಂದೆ ಅನುಕೂಲವಾದಾಗ ಎರಡನೆಯ ಪಟ್ಟಿಯನ್ನು ಹಾಕಿಸಬಹುದೆಂದೆವು. ಎಲ್ಲ ಯಂತ್ರಗಳಲ್ಲಿಯೂ ಈ ಅನುಕೂಲವಿರುವುದಿಲ್ಲ. ಕೆಲವದರಲ್ಲಿ ರ‍್ಯಾಮನ್ನು ಬೆಸುಗೆ ಹಾಕಿರುತ್ತಾರೆ. ಮತ್ತೊಂದು ಮಾತು: ಕಲಬುರಗಿ, ಯಾದಗಿರಿಗಳ ಕಡೆ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ. ಕಾದ ಚಿಪ್ಪು ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು. ಆದುದರಿಂದ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಅದರ ಗಾಳಿಕಂಡಿಯನ್ನು ಮುಚ್ಚಬಾರದು. ಫ್ಯಾನಿನ ಧೂಳನ್ನು ಆಗಾಗ ತೆಗೆಸಬೇಕು. ಬ್ಯಾಟರಿಯನ್ನು ಉಳಿಸುವ ಏರ್ಪಾಡು ಚಾಲೂ ಇದ್ದಾಗಲೂ ವೇಗ ತಗ್ಗುವುದೆಂಬುದನ್ನು ಮರೆಯಬಾರದು.

ಹೊಸದನ್ನು ಕೊಳ್ಳುವವರು ತೆರೆಯ ಅಂದವನ್ನು ಮಾತ್ರ ನೋಡದೆ ಅಂಗಡಿಯಲ್ಲಿಯೇ ಉದ್ದವಾದ ಪುಟವೊಂದನ್ನು ತೆರೆದು ಸರಿಸಿ ನೋಡುವುದು ಮೇಲು. ರ‍್ಯಾಮ್ ಪಟ್ಟಿಗಳು ಎಷ್ಟಿವೆ, ಇನ್ನೊಂದಕ್ಕೆ ಎಡೆಯುಂಟೆ ಎಂದು ಕೇಳುವುದೂ ಒಳ್ಳೆಯದು.

ನಾವು ಹೊರಡುವ ಹೊತ್ತಿಗೆ ಲ್ಯಾಪ್‌ಟಾಪನ್ನು ಮಾರುವ ಮಾತು ನಿಂತಿದ್ದಿತು. “ಅಂದ್ರ ಚುಕ್ಕಿ ಎಣಿಸಿ ತರಬೇಕಿತ್ತೇನ್ರಿ?” ಎಂದು ತಂದೆ ನಕ್ಕರು. ಚುಕ್ಕಿಗಳ ಜೊತೆಗೆ ಅವನ್ನು ಹೊರುವ ಕೈಗಳನ್ನೂ ಎಣಿಸಬೇಕಿತ್ತು ಎಂದು ನಾವೂ ನಕ್ಕೆವು. ಅಷ್ಟರಲ್ಲಿ ತರುಣನು ಗೋಗಿಯ ಚಿತ್ರವನ್ನು ಮತ್ತೆ ತೆರೆದು, ಸಮಾಧಿಯಿಂದ ಹೊಲಗಳವರೆಗೆ ಒಂದೇ ಓಟದಲ್ಲಿ ಸರಿಸಿದನು. ಈ ಸಲ ಚಿತ್ರವು ಎಡವಲಿಲ್ಲ.