ರಾಯಚೂರು ಸೀಮೆಯ ಊಟ ಉಪಾಹಾರ



ಪರಸ್ಥಳಕ್ಕೆ ಹೋಗಿ ಬಂದವರನ್ನು, ಕೋಟೆಯನ್ನು ನೋಡಿದಿರಾ, ಗುಡಿಯನ್ನು ನೋಡಿದಿರಾ ಎಂದು ಕೇಳುವುದು ವಾಡಿಕೆ. ಅಲ್ಲಿ ಏನನ್ನು ಉಂಡಿರಿ ಎಂದು ಕೇಳುವವರು ವಿರಳ. ಆದರೆ ಒಂದು ಸೀಮೆಯ ನೆಲ, ನೀರು, ನೆರೆಹೊರೆ ಇವುಗಳ ಚರಿತ್ರೆಯನ್ನು ಅಲ್ಲಿಯ ಊಟದ ತಟ್ಟೆಯಲ್ಲಿಯೂ ಓದಬಹುದು. ಜಪಾನಿನ ನಾಗಸಾಕಿ ಬಂದರಿನಲ್ಲಿ ಪ್ರವಾಸಿಗಳು ವಿಚಾರಿಸಿಕೊಂಡು ಕೊಳ್ಳುವ ಕಾಸ್ತೆಲ್ಲಾ ಎಂಬ ಸಿಹಿ ತಿನಿಸು 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳೊಡನೆ ಅಲ್ಲಿಗೆ ಬಂದುದು. ರಾಯಚೂರಿಗೆ ಕಡಲಿಲ್ಲ. ಆದರೂ ಅದು ಕೂಡುದಾರಿಯ ಊರು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ಮೂಡಲಿಗೆ ತೆಲುಗು ನಾಡು. 1871ರಲ್ಲಿ ಮುಂಬಯಿಯ ರೈಲುದಾರಿಯೂ ಮದರಾಸಿನ ರೈಲುದಾರಿಯೂ ಇಲ್ಲಿಯೇ ಒಂದಾದವು. 1948ರವರೆಗೆ ಈ ಸೀಮೆಯು ಹೈದರಾಬಾದಿನ ಆಳ್ವಿಕೆಯಲ್ಲಿದ್ದಿತು. ಇವೆಲ್ಲದರ ರುಚಿಯೂ ಇಲ್ಲಿಯ ಅಡಿಗೆಯಲ್ಲಿ ಉಂಟು.

ಎಲ್ಲಕ್ಕೂ ಮೊದಲು ಹೇಳತಕ್ಕದ್ದು ಜೋಳದ ರೊಟ್ಟಿ. ಇಲ್ಲಿಯ ಎರೆಭೂಮಿಯು ಮಳೆಯ ನೀರನ್ನು ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ. ಮುಂಗಾರು ಮುಗಿಯುವ ಹೊತ್ತಿಗೆ ಬಿತ್ತಿದ ಬಿಳಿಜೋಳವು ಆ ತೇವದಿಂದಲೇ ಬೆಳೆದು ಬೇಸಗೆಯ ಮೊದಲಿಗೆ ಕೊಯ್ಲಿಗೆ ಬರುತ್ತದೆ. ಗೋಧಿಯ ಹಿಟ್ಟಿನಲ್ಲಿರುವ ಜಿಗುಟು ಜೋಳದ ಹಿಟ್ಟಿನಲ್ಲಿಲ್ಲ. ಆದುದರಿಂದ ಅದನ್ನು ಲಟ್ಟಿಸುವುದು ಕಷ್ಟ. ಕುದಿಯುವ ನೀರನ್ನು ಹಾಕಿದಾಗ ಹಿಟ್ಟಿನ ಪಿಷ್ಟವು ಬೆಂದು ಅಂಟಾಗುತ್ತದೆ. ಬಳಿಕ ಚೆನ್ನಾಗಿ ನಾದಿ, ಅಂಗೈಯಿಂದ ಬಡಿದು, ತಿರುಗಿಸುತ್ತ ತಿರುಗಿಸುತ್ತ ಅಗಲ ಮಾಡುತ್ತಾರೆ. ಹಂಚಿನ ಮೇಲೆ ಹಾಕಿದೊಡನೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ಅದು ಉಬ್ಬಿ ಬೇಯುತ್ತದೆ. ಈ ವಿದ್ಯೆ ಪುಸ್ತಕದಿಂದ ಬರುವುದಲ್ಲ. ತಾಯಿಯ ಕೈಯನ್ನು ನೋಡಿ ಮಗಳ ಕೈ ಕಲಿಯತಕ್ಕದ್ದು. ಬಿಸಿ ರೊಟ್ಟಿ ಮೆತ್ತಗಿರುತ್ತದೆ. ಒಣಗಿಸಿದ ರೊಟ್ಟಿಯಾದರೋ ಹಲವು ದಿನ ಕೆಡದೆ ಪ್ರಯಾಣಕ್ಕೆ ಒದಗುತ್ತದೆ.

ರೊಟ್ಟಿಯ ಜೊತೆಗೆ ಕೇಳಿ ಹಾಕಿಸಿಕೊಳ್ಳಬೇಕಾದುದು ಪುಂಡಿಪಲ್ಯ. ಪುಂಡಿ ಹುಳಿ ಸೊಪ್ಪು. ಅದನ್ನು ಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿಗಳೊಡನೆ ಬೇಯಿಸಿ ಬೆಳ್ಳುಳ್ಳಿಯ ಒಗ್ಗರಣೆ ಕೊಡುತ್ತಾರೆ. ತೆಲುಗರ ಗೋಂಗೂರವೂ ಇದರ ಬಂಧುವೇ. ಬದನೆಯ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಗಟ್ಟಿ ಮೊಸರು ಇವು ಉಳಿದ ಸಂಗಾತಿಗಳು. ಖಾರವನ್ನು ಕಂಡು ಹೊಸಬರು ಅಂಜಬೇಕಾಗಿಲ್ಲ. ಅದನ್ನು ತಣಿಸುವುದಕ್ಕೆ ಮೊಸರು ಪಕ್ಕದಲ್ಲಿಯೇ ಇರುತ್ತದೆ.

ರಾಯಚೂರು ನಗರದಲ್ಲಿ ಬೆಳಗಿನ ಹೊತ್ತು ರುಚಿ ನೋಡಬೇಕಾದುದು ಮಂಡಾಳಿನ ಒಗ್ಗರಣೆ ಮತ್ತು ಮಿರ್ಚಿ. ಮೈಸೂರಿನ ಕಡೆ ಕಡಲೆಪುರಿ ಎಂದು ಕರೆಯುವುದೇ ಇಲ್ಲಿಯ ಮಂಡಾಳು. ಅದನ್ನು ನೀರಿನಲ್ಲಿ ಅದ್ದಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನಗಳ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಹಿಟ್ಟನ್ನು ಉದುರಿಸುತ್ತಾರೆ. ನದಿಯಾಚೆಯ ಕರ್ನೂಲಿನವರು ಇದನ್ನೇ ಉಗ್ಗಾನಿ ಎನ್ನುತ್ತಾರೆ. ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಮೆಣಸಿನಕಾಯಿ ಬಜ್ಜಿಯೂ ಒಂದು ಲೋಟ ಚಹಾವೂ ಸೇರಿದರೆ ಉಪಾಹಾರ ಪೂರ್ಣವಾಯಿತು. ಮಾಂಸಾಹಾರಿಗಳಿಗೆ ಹೈದರಾಬಾದಿನ ನೆನಪನ್ನು ತರುವ ಬಿರಿಯಾನಿಯೂ ಉಂಟು.

ದೇವದುರ್ಗದ ಕಡೆಗೆ ಹೋಗುವವರು ಚಳಿಗಾಲದಲ್ಲಿ ಹೋಗಬೇಕು. ಮಾರ್ಗಶಿರದ ಎಳ್ಳಮಾವಾಸ್ಯೆಯ ದಿನ ರೈತರ ಮನೆಮಂದಿಯೆಲ್ಲ ಸಜ್ಜೆಯ ರೊಟ್ಟಿ, ಕಡುಬು, ಹೋಳಿಗೆ, ಪಲ್ಯಗಳನ್ನು ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮೊದಲ ಪಾಲನ್ನು ಬೆಳೆಗೆ ಚೆಲ್ಲಿ ಆಮೇಲೆ ತಾವು ಉಣ್ಣುತ್ತಾರೆ. ಇದಕ್ಕೆ ಚರಗ ಚೆಲ್ಲುವುದೆಂದು ಹೆಸರು. ಕೆಲವು ದಿನಗಳ ಬಳಿಕ ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಕಾಳುದುರಿಸಿ ತಿನ್ನುವ ಸೀತನಿಯ ಕಾಲ. ಇದು ಅಂಗಡಿಯಲ್ಲಿ ದೊರೆಯುವ ವಸ್ತುವಲ್ಲ. ಹೊಲದ ಒಡೆಯನ ಸ್ನೇಹವನ್ನು ಸಂಪಾದಿಸಬೇಕು. ಬೇಸಗೆಗೆ ತಕ್ಕ ಪಾನೀಯವೆಂದರೆ ಅಂಬಲಿ. ಜೋಳದ ಹಿಟ್ಟನ್ನು ನೀರಿನಲ್ಲಿ ಕದಡಿ ಕುದಿಸಿ, ಆರಿಸಿ, ಮಜ್ಜಿಗೆಯನ್ನೂ ಉಪ್ಪನ್ನೂ ಬೆರೆಸಿದ ಈ ಪಾನವು ಹಸಿವು ಬಾಯಾರಿಕೆಗಳೆರಡನ್ನೂ ಕಳೆಯುತ್ತದೆ.

ಇನ್ನು ಮಾನ್ವಿ. ಜಗನ್ನಾಥದಾಸರು ನೆಲಸಿದ ಊರು ಇದು. ಅವರ ಹರಿಕಥಾಮೃತಸಾರದಲ್ಲಿ ಭೋಜನರಸವಿಭಾಗವೆಂಬ ಒಂದು ಸಂಧಿಯೇ ಉಂಟು. ಅನ್ನವನ್ನು ಪೂಜ್ಯವಾಗಿ ಕಂಡ ಈ ನೆಲದಲ್ಲಿ ಅನ್ನದ ರೂಪವೇ ಬದಲಾದುದನ್ನು ನಾವು ಕಾಣುತ್ತೇವೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿತು. ಮುಂದೆ ಎಡದಂಡೆಯ ಕಾಲುವೆ ತಲಪಿದ ಕಡೆಗಳಲ್ಲಿ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ದೇವದುರ್ಗದ ಕಡೆಗೂ ನಾರಾಯಣಪುರದ ಬಲದಂಡೆಯ ಕಾಲುವೆ ಬಂದಿದೆ. ಬರಗಾಲವನ್ನು ಕಂಡ ಜನಕ್ಕೆ ನೀರು ಬಂದುದು ಭಾಗ್ಯ. ಅದಕ್ಕಾಗಿ ಮರುಗುವುದು ಅವಿವೇಕ. ಮಾನ್ವಿಯ ಸಣ್ಣಕ್ಕಿಯ ಅನ್ನವನ್ನೂ ಸಂತೋಷದಿಂದ ಉಣ್ಣೋಣ.

ಆದರೆ ಒಂದು ಮಾತನ್ನು ಯೋಚಿಸಬೇಕು. ಜೋಳವು ಹೊಲದಿಂದ ಹೋದರೆ ಒಂಟಿಯಾಗಿ ಹೋಗುವುದಿಲ್ಲ. ಅದರ ದಂಟು ದನಗಳಿಗೆ ಮೆಚ್ಚಿನ ಮೇವು. ಆ ಮೇವಿನಿಂದ ಮನೆಯ ಹೈನು. ಹೈನಿನಿಂದ ಮೊಸರು, ಮಜ್ಜಿಗೆ, ಅಂಬಲಿ. ಬೆಳೆ ಹೋದರೆ ಸೀತನಿ ಹೋಗುತ್ತದೆ. ಬಡಿಯುವ ಕೈಗೆ ಕೆಲಸ ತಪ್ಪಿದರೆ ಒಂದು ತಲೆಮಾರಿನಲ್ಲಿ ವಿದ್ಯೆಯೂ ಹೋಗುತ್ತದೆ. 2023ನೆಯ ವರ್ಷವನ್ನು ಲೋಕವೆಲ್ಲ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ವರ್ಷವು ಕಳೆದುಹೋಗುತ್ತದೆ, ಧಾನ್ಯವು ಉಳಿಯುವುದು ಕೊಂಡು ತಿನ್ನುವವರಿದ್ದರೆ ಮಾತ್ರ.

ರೊಟ್ಟಿ ಬಡಿದು ಖಾನಾವಳಿಗಳಿಗೆ ಒದಗಿಸಿ ಸಂಸಾರ ನಡೆಸುವ ತಾಯಂದಿರು ಈ ಸೀಮೆಯಲ್ಲಿ ಅನೇಕರಿದ್ದಾರೆ. ರಾಯಚೂರಿಗೆ ಹೋದಾಗ ನಮ್ಮೂರಿನ ತಿಂಡಿ ಇಲ್ಲಿ ಸಿಕ್ಕುವುದೇ ಎಂದು ಹುಡುಕಬೇಡಿ. ಖಾನಾವಳಿಯಲ್ಲಿ ಕುಳಿತು ಎರಡು ಬಿಸಿ ರೊಟ್ಟಿ, ಒಂದಿಷ್ಟು ಪುಂಡಿಪಲ್ಯ ಎಂದು ಕೇಳಿ. ಅದು ಬರಿಯ ಹೊಟ್ಟೆಯ ಮಾತಲ್ಲ. ಎರೆಯ ಹೊಲವನ್ನೂ ಆ ಕೈಯ ವಿದ್ಯೆಯನ್ನೂ ಉಳಿಸುವುದರಲ್ಲಿ ನಿಮ್ಮದೂ ಒಂದು ಪಾಲು.